ಕೋಳಿಯ ಹೇನು ಮತ್ತು ನುಸಿ: ಗದ್ದೆಯ ಔಷಧಿ ಗೂಡಿಗೆ ಬೇಡ

ನಮಸ್ಕಾರ ಅಕ್ಕ,

ಹರಿಹರದ ಕಡೆಯಿಂದ ನೀವು ಇಲ್ಲಿ ಬರೆದಿರುವುದನ್ನೂ ಅದಕ್ಕೆ ಉಳಿದವರು ಕೊಟ್ಟ ಸಲಹೆಗಳನ್ನೂ ಪೂರ್ತಿ ಓದಿದೆ. ಕಾವಿಗೆ ಕೂತ ಜವಾರಿ ಕೋಳಿ ಮೊಟ್ಟೆ ಬಿಟ್ಟು ಎದ್ದು ಹೋಗುತ್ತಿದೆ, ಉಳಿದವುಗಳ ಜುಟ್ಟು ಬಿಳಿಚಿಕೊಂಡಿದೆ, ಬೆಳಿಗ್ಗೆ ಬುಟ್ಟಿಗೆ ಕೈ ಹಾಕಿದರೆ ಸಣ್ಣ ಹುಳು ಮೊಣಕೈವರೆಗೆ ಹರಿದು ತುರಿಕೆ ಬರುತ್ತದೆ, ಭತ್ತಕ್ಕೆ ತಂದ ಔಷಧಿ ಅರ್ಧ ಬಾಟಲಿ ಉಳಿದಿದೆ, ಅದನ್ನೇ ತೆಳುವಾಗಿ ಹೊಡೆಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹೊಡೆಯಬೇಡಿ. ಕೋಳಿ ದಿನವಿಡೀ ಕೊಕ್ಕಿನಿಂದ ಪುಕ್ಕ ತೀಡಿಕೊಳ್ಳುವುದರಿಂದ ಮೈಗೆ ಬಿದ್ದದ್ದೆಲ್ಲ ಹೊಟ್ಟೆಗೆ ಸೇರುತ್ತದೆ, ಅಲ್ಲಿಂದ ಮೊಟ್ಟೆಗೂ ಇಳಿಯುತ್ತದೆ. 2017ರಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ದೇಶಗಳಲ್ಲಿ ಕೋಳಿಯ ರಕ್ತ ಹೀರುವ ಕೆಂಪು ನುಸಿಗೆಂದು ಕೋಳಿ ಫಾರಂಗಳಲ್ಲಿ ಫಿಪ್ರೊನಿಲ್ ಎಂಬ ಕೀಟನಾಶಕ ಬಳಸಿದ್ದರಿಂದ ಲಕ್ಷಗಟ್ಟಲೆ ಮೊಟ್ಟೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ನಮ್ಮಲ್ಲಿ ಭತ್ತದ ಕಾಂಡಕೊರಕಕ್ಕೆ ಹಾಕುವ ಔಷಧಿಗಳಲ್ಲಿ ಆ ಫಿಪ್ರೊನಿಲ್ ಕೂಡ ಒಂದು.

ಮೊದಲು ಹುಳು ಯಾವುದೆಂದು ಗೊತ್ತುಮಾಡಿಕೊಳ್ಳಿ. ಹೇನು ಕೋಳಿಯ ಮೈಮೇಲೆಯೇ ಹುಟ್ಟಿ, ಅಲ್ಲೇ ಬೆಳೆದು, ಅಲ್ಲೇ ಸಾಯುತ್ತದೆ. ಮೈಯಿಂದ ಬಿದ್ದರೆ ಒಂದು ವಾರವೂ ಬದುಕುವುದು ಕಷ್ಟ. ಕೆಂಪು ನುಸಿಯಾದರೋ ಹಗಲೆಲ್ಲ ಗೂಡಿನ ಸಂದಿಯಲ್ಲಿ ಅಡಗಿದ್ದು, ರಾತ್ರಿ ಮೈಗೆ ಹತ್ತಿ ರಕ್ತ ಹೀರಿ, ಬೆಳಕು ಹರಿಯುವ ಮೊದಲೇ ಸಂದಿಗೆ ಮರಳುತ್ತದೆ. ಹಗಲೂ ಮೈಬಿಡದೆ ಗುದದ್ವಾರದ ಸುತ್ತ ಗುಂಪುಗಟ್ಟಿ ಅಲ್ಲಿನ ಪುಕ್ಕವನ್ನು ಕಪ್ಪಗೆ ಕೊಳೆಯಾಗಿಸುವ ನುಸಿಯೂ ಉಂಟು. ಕಾವಿನ ಬುಟ್ಟಿಯಲ್ಲಿ ಅದು ಬೇಗ ಹೆಚ್ಚುತ್ತದೆ. ಆದ್ದರಿಂದ ಹಗಲು ಒಮ್ಮೆ, ರಾತ್ರಿ ಒಮ್ಮೆ ನೋಡಬೇಕು. ಹಗಲಿನಲ್ಲಿ ಬಾಲದ ಕೆಳಗಿನ ಪುಕ್ಕವನ್ನು ಬೆರಳಿನಿಂದ ಬಿಡಿಸಿದಾಗ ಒಣಹುಲ್ಲಿನ ಬಣ್ಣದ ಚಪ್ಪಟೆ ಹುಳು ಸರಸರನೆ ಓಡಿದರೆ, ಪುಕ್ಕದ ಬುಡಕ್ಕೆ ಬಿಳಿ ಸೀರು ಗಂಟುಗಂಟಾಗಿ ಅಂಟಿದ್ದರೆ ಅದು ಹೇನು. ಕೋಳಿಗಳು ಕೂತು ಒಂದೆರಡು ಗಂಟೆಯಾದ ಮೇಲೆ ಬ್ಯಾಟರಿ ಹಿಡಿದು ಹೋಗಿ, ಅವು ಕೂರುವ ಗಳದ ತಳಭಾಗವನ್ನು ಬಿಳಿ ಬಟ್ಟೆಯಿಂದ ಉಜ್ಜಿ. ರಕ್ತದ ಗೆರೆ ಮೂಡಿದರೆ ಕೆಂಪು ನುಸಿ ಎಂದು ತಿಳಿಯಿರಿ. ಗಳ ಗೋಡೆಗೆ ಸೇರುವ ಕಡೆ ರಾಗಿಹಿಟ್ಟು ಉದುರಿದಂತೆ ಬೂದು ಪುಡಿ ಕಾಣುವುದೂ ಅದರ ಗುರುತೇ. ಜುಟ್ಟು ಬಿಳಿಚಿರುವುದು, ನಿಮ್ಮ ಕೈಗೆ ಹುಳು ಹರಿದಿರುವುದು ಇವೆರಡನ್ನೂ ನೋಡಿದರೆ ನಿಮ್ಮಲ್ಲಿರುವುದು ನುಸಿಯೇ ಎಂದು ನನಗನ್ನಿಸುತ್ತದೆ. ಅದು ಮನುಷ್ಯರ ಮೈಯಲ್ಲಿ ನೆಲೆಸುವುದಿಲ್ಲ. ಸ್ನಾನ ಮಾಡಿ ಬಟ್ಟೆ ಒಗೆದರೆ ಸಾಕು.

ಕೆಂಪು ನುಸಿಯಾದರೆ ಕೋಳಿಗಿಂತ ಗೂಡಿಗೇ ಹೆಚ್ಚು ಚಿಕಿತ್ಸೆ ಬೇಕು. ಬಹಳ ಜನ ಕೋಳಿಯನ್ನು ತೊಳೆದು ಅದೇ ಗೂಡಿಗೆ ಬಿಟ್ಟು, ಔಷಧಿ ಹಿಡಿಯಲಿಲ್ಲ ಎನ್ನುತ್ತಾರೆ. ಹಾಸಿದ ಭತ್ತದ ಹೊಟ್ಟನ್ನೋ ಶೇಂಗಾ ಸಿಪ್ಪೆಯನ್ನೋ ಪೂರ್ತಿ ಬಳಿದು ದೂರ ಒಯ್ದು ಸುಟ್ಟುಬಿಡಿ. ಬಿದಿರಿನ ಹಳೆಯ ಬುಟ್ಟಿಯ ಹೆಣಿಗೆಯಲ್ಲಿ ಅಡಗುವುದಕ್ಕೆ ನೂರು ಜಾಗವಿರುವುದರಿಂದ ಅದನ್ನೂ ಬೆಂಕಿಗೆ ಹಾಕುವುದೇ ಲೇಸು. ಕಾವಿನ ಮೊಟ್ಟೆಗಳನ್ನು ತೊಳೆಯದೆ, ಒಣಬಟ್ಟೆಯಿಂದ ಮೆಲ್ಲಗೆ ಒರೆಸಿ, ಹೊಸ ಹುಲ್ಲು ಹಾಸಿದ ಬೇರೆ ಬುಟ್ಟಿಗೆ ಕತ್ತಲಾದ ಮೇಲೆ ಕೋಳಿಯ ಸಮೇತ ಬದಲಿಸಿ. ತೊಗಟೆ ಇರುವ ಗಳವನ್ನು ತೆಗೆದು ತೊಗಟೆ ಸುಲಿದ ನಯವಾದ ಗಳ ಹಾಕಿ. ನಮ್ಮ ಹೊಳಲ್ಕೆರೆ ಕಡೆಯ ಚಪ್ಪಡಿ ಕಲ್ಲಿನ ಗೂಡುಗಳ ಸಂದಿಗೆ ಕುದಿಯುವ ನೀರು ಸುರಿದು, ಒಣಗಿದ ಮೇಲೆ ಗಟ್ಟಿಯಾಗಿ ಸುಣ್ಣ ಬಳಿದು ಸಂದಿ ಮುಚ್ಚಬೇಕು. ಸುಣ್ಣ ಪೂರ್ತಿ ಒಣಗುವವರೆಗೆ ಕೋಳಿಗಳನ್ನು ಒಳಗೆ ಬಿಡಬಾರದು. ಸೆಖೆಯ ದಿನಗಳಲ್ಲಿ ಈ ನುಸಿ ಮೊಟ್ಟೆಯಿಂದ ದೊಡ್ಡದಾಗಲು ಒಂದು ವಾರ ಸಾಕಾದ್ದರಿಂದ ಬಿಸಿನೀರಿನ ಕೆಲಸವನ್ನು ವಾರದೊಳಗೆ ಮತ್ತೊಮ್ಮೆ ಮಾಡಿ. ಗೂಡನ್ನು ಒಂದು ತಿಂಗಳು ಖಾಲಿ ಬಿಟ್ಟರೆ ತಾನೇ ಸಾಯುತ್ತದೆ ಎಂದು ಇಲ್ಲಿ ಒಬ್ಬರು ಬರೆದಿದ್ದಾರೆ. ಹಾಗಾಗುವುದಿಲ್ಲ, ರಕ್ತವಿಲ್ಲದೆಯೂ ಅದು ತಿಂಗಳುಗಟ್ಟಲೆ ಬದುಕಿರುತ್ತದೆ.

ಮೈಮೇಲಿನ ಹೇನು, ನುಸಿಗಳಿಗೆ ಪಶುವೈದ್ಯರು ಸಾಮಾನ್ಯವಾಗಿ ಪರ್ಮೆಥ್ರಿನ್ ಅಥವಾ ಡೆಲ್ಟಾಮೆಥ್ರಿನ್ ಗುಂಪಿನ ಔಷಧಿ ಹೇಳುತ್ತಾರೆ. ಪಶು ಔಷಧಿ ಅಂಗಡಿಯಲ್ಲಿ ದನದ ಉಣ್ಣೆಗೆ ಕೊಡುವ ಡೆಲ್ಟಾಮೆಥ್ರಿನ್ ಮಿಲಿಲೀಟರಿಗೆ 12.5 ಮಿಲಿಗ್ರಾಂ ಇದ್ದರೆ, ಬೆಳೆಗೆ ಮಾರುವ 2.8 ಇ.ಸಿ. (ಶೇ. 2.8ರ, ನೀರಿಗೆ ಬೆರೆಸುವ ದ್ರಾವಣ) ಬಾಟಲಿ ಸುಮಾರು ಅದರ ಎರಡು ಪಟ್ಟು ತೀಕ್ಷ್ಣ, ಮೇಲಾಗಿ ಅದರ ದ್ರಾವಕ ಪ್ರಾಣಿಯ ಚರ್ಮಕ್ಕೆಂದು ಮಾಡಿದ್ದಲ್ಲ. ಹೆಸರು ಒಂದೇ ಎಂದು ಬಾಟಲಿ ಬದಲಿಸಬೇಡಿ. ಕೋಳಿಗೆ ಎಷ್ಟು ನೀರಿಗೆ ಎಷ್ಟು, ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬ ಎರಡನ್ನೂ ವೈದ್ಯರಿಂದ ಬರೆಸಿಕೊಳ್ಳಿ. ಬೆಳಗಿನ ಬಿಸಿಲಿರುವಾಗ ರೆಕ್ಕೆಯಡಿ ಮತ್ತು ಬಾಲದ ಕೆಳಗೆ ತಾಗುವಂತೆ, ಕಣ್ಣು ಕೊಕ್ಕಿಗೆ ಸಿಡಿಯದಂತೆ ಹಚ್ಚಬೇಕು. ನೀರಿನ ಬಟ್ಟಲು, ಕಾಳುಗಳನ್ನು ಮೊದಲೇ ಎತ್ತಿಡಬೇಕು. ಮನೆಯಲ್ಲಿ ಬೆಕ್ಕಿದ್ದರೆ ಒಣಗುವವರೆಗೆ ಹತ್ತಿರ ಬಿಡಬೇಡಿ, ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಉಳಿದ ನೀರನ್ನು ಕಾಲುವೆಗೆ ಚೆಲ್ಲಿದರೆ ಮೀನು ಸಾಯುತ್ತವೆ. ಸೀರಿಗೆ ಔಷಧಿ ನಾಟುವುದಿಲ್ಲ, ಆದ್ದರಿಂದ 10 ದಿನಗಳ ಆಸುಪಾಸಿನಲ್ಲಿ ಎರಡನೆಯ ಸಲ ಹಚ್ಚಲೇಬೇಕು. ಐವರ್ಮೆಕ್ಟಿನ್ ಎಂಬ ಹುಳುನಾಶಕದ ಹನಿ ಹಾಕಿ ಎಂಬ ಸಲಹೆಯನ್ನು ಮೊಟ್ಟೆ ಇಡುವ ಕೋಳಿಗೆ ವೈದ್ಯರನ್ನು ಕೇಳದೆ ಪಾಲಿಸಬೇಡಿ, ಅದರ ಅಂಶ ಮೊಟ್ಟೆಯಲ್ಲಿ ಉಳಿಯುತ್ತದೆ. ಹಿಂದೆ ಎಲ್ಲರೂ ಹೇಳುತ್ತಿದ್ದ ಕಾರ್ಬರಿಲ್ ಎಂಬ ಕೀಟನಾಶಕ ಪುಡಿಯನ್ನು ನಮ್ಮ ದೇಶದಲ್ಲಿ 2018ರಲ್ಲೇ ನಿಷೇಧಿಸಲಾಗಿದೆ.

ಉಳಿದವರು ಸೂಚಿಸಿದ ಮನೆಮದ್ದುಗಳ ಬಗ್ಗೆ ಒಂದು ಮಾತು. ಸೀಮೆಎಣ್ಣೆ ಚರ್ಮ ಸುಡುತ್ತದೆ. ಹೊಗೆಸೊಪ್ಪಿನ ಕಷಾಯದ ನಿಕೋಟಿನ್ ಚರ್ಮದ ಮೂಲಕವೇ ಒಳಗಿಳಿದು ಕೋಳಿಯನ್ನು ಕೊಲ್ಲಬಲ್ಲದು. ಚಿತ್ರದುರ್ಗದ ಗುಡ್ಡಗಳಲ್ಲಿ ಬೇಕಾದಷ್ಟು ಸಿಗುವ ಸೀತಾಫಲದ ಬೀಜದ ಪುಡಿ ಹೇನು ಕೊಲ್ಲುವುದು ನಿಜವಾದರೂ ಕಣ್ಣಿಗೆ ಬಿದ್ದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನೇ (ಕಾರ್ನಿಯಾ) ಹಾಳುಮಾಡುತ್ತದೆ, ಹಚ್ಚುವವರಿಗೂ ಅದೇ ಅಪಾಯ. ಜರಡಿ ಹಿಡಿದ ಕಟ್ಟಿಗೆ ಬೂದಿ ಮತ್ತು ಒಣಮಣ್ಣು ಬೆರೆಸಿದ ಗುಂಡಿಯನ್ನು ನೆರಳಿನಲ್ಲಿ ಮಾಡಿಟ್ಟರೆ ಕೋಳಿಗಳು ತಾವೇ ಹೊರಳಿ ಹೇನು ಕಡಿಮೆ ಮಾಡಿಕೊಳ್ಳುತ್ತವೆ, ಇದು ಒಳ್ಳೆಯ ಕ್ರಮ. ಬೂದಿ ಒದ್ದೆಯಾಗಬಾರದು ಅಷ್ಟೆ. ಲಕ್ಕಿ ಸೊಪ್ಪು, ಬೇವಿನ ಸೊಪ್ಪನ್ನು ಬುಟ್ಟಿಯಡಿ ಹಾಕುವುದರಿಂದ ತೊಂದರೆಯಿಲ್ಲ, ಆದರೆ ಈಗಾಗಲೇ ತುಂಬಿಕೊಂಡ ನುಸಿ ಅದರಿಂದ ಹೋಗುವುದಿಲ್ಲ.

ಕಾಲಿನ ಹುರುಪೆ ಎದ್ದಿರುವ ಹುಂಜದ ಚಿತ್ರ ಹಾಕಿದ್ದೀರಲ್ಲ, ಅದು ಬೇರೆಯೇ ನುಸಿ, ಹುರುಪೆಯ ಅಡಿಯಲ್ಲಿ ಕೊರೆದುಕೊಂಡಿರುತ್ತದೆ. ಕೀಳಬೇಡಿ. ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ಒರೆಸಿ, ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆಯನ್ನು ದಪ್ಪಗೆ ಹಚ್ಚುತ್ತ ಕೆಲವು ವಾರ ಮುಂದುವರಿಸಿ. ಕಾಲು ಮೊದಲಿನಂತೆ ನಯವಾಗಲು ತಿಂಗಳುಗಳೇ ಹಿಡಿಯುತ್ತವೆ.

ಪಶು ಆಸ್ಪತ್ರೆಗೆ ಹೋಗುವಾಗ ನಾಲ್ಕಾರು ಹುಳುಗಳನ್ನು ಪಾರದರ್ಶಕ ಟೇಪಿಗೆ ಅಂಟಿಸಿಕೊಂಡು, ಬುಡದ ಸಮೇತ ಒಂದೆರಡು ಪುಕ್ಕವನ್ನೂ ಒಯ್ಯಿರಿ, ವೈದ್ಯರಿಗೆ ಗುರುತಿಸಲು ಸುಲಭವಾಗುತ್ತದೆ.