ಇದು ನಿಗಮ-ಮಂಡಳಿಯ ಕುರ್ಚಿಯಲ್ಲ

ಕಳೆದ ಸಂಚಿಕೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ರುತೆಲ್ಲಿ ಬಗ್ಗೆ ಬಂದ ಬರಹ ಓದಿ ಶಿವಮೊಗ್ಗದ ಓದುಗರೊಬ್ಬರು ಹೀಗೆ ಕೇಳಿದ್ದಾರೆ: ‘ಚುನಾವಣೆ ಸೋತ ರಾಜಕಾರಣಿಯನ್ನು ತಂದು ಸಿನಿಮಾ ಉದ್ಯಮದ ತಲೆ ಮೇಲೆ ಕೂರಿಸಿದ್ದರು. ನಮ್ಮಲ್ಲಿ ನಿಗಮ-ಮಂಡಳಿ ಹಂಚಿದ ಹಾಗೇ ಅಲ್ವಾ? ಅವರಿಗೆ ಸಿನಿಮಾ ಏನು ಗೊತ್ತು?’

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ರುತೆಲ್ಲಿ ಅಧ್ಯಕ್ಷರಾಗಿದ್ದ ಆನಿಕಾ, ಅಂದರೆ ಇಟಲಿಯ ಚಿತ್ರೋದ್ಯಮದ ಸಂಸ್ಥೆ, ಸರ್ಕಾರದ ನಿಗಮವಲ್ಲ. ನಿರ್ಮಾಪಕರು, ವಿತರಕರು, ಸ್ಟುಡಿಯೋದವರು ಸೇರಿ 1944ರಲ್ಲಿ ಕಟ್ಟಿಕೊಂಡ ಸಂಘ ಅದು. ಅಧ್ಯಕ್ಷರನ್ನು ಸದಸ್ಯರೇ ಆರಿಸುತ್ತಾರೆ. 2016ರಲ್ಲಿ ಸದಸ್ಯರು ಆರಿಸಿದಾಗ ರುತೆಲ್ಲಿ ಕೈಯಲ್ಲಿ ಅಧಿಕಾರವೂ ಇರಲಿಲ್ಲ, ಸಂಸತ್ತಿನ ಸೀಟೂ ಇರಲಿಲ್ಲ.

ಸೋತಿದ್ದು ನಿಜ. 1993ರಲ್ಲಿ ಬಲಪಂಥೀಯ ನಾಯಕ ಜಾನ್‌ಫ್ರಾಂಕೊ ಫೀನಿಯನ್ನು ಸೋಲಿಸಿ ರೋಮ್‌ನ ಮೇಯರ್ ಆದರು, 1997ರಲ್ಲಿ ಮತ್ತೆ ಗೆದ್ದರು. 2001ರಲ್ಲಿ ಪ್ರಧಾನಿ ಹುದ್ದೆಗೆ ಬೆರ್ಲುಸ್ಕೋನಿ ಎದುರು ನಿಂತು ಸೋತರು. 2008ರಲ್ಲಿ ಮತ್ತೆ ಮೇಯರ್ ಆಗಲು ಹೋಗಿ ಅಲ್ಲೂ ಸೋತರು. ಆದರೆ ಈ ಎರಡು ಸೋಲಿನ ನಡುವಿನ ಎರಡು ವರ್ಷ ನೋಡಿ. 2006ರಿಂದ 2008ರವರೆಗೆ ಅವರು ಸಂಸ್ಕೃತಿ ಸಚಿವರಾಗಿದ್ದರು.

ಆಗ ಕದ್ದು ಸಾಗಿಸಿದ ಪುರಾತನ ವಸ್ತುಗಳನ್ನು ವಾಪಸ್ ತರುವ ಹೋರಾಟ ಜೋರಾಗಿ ನಡೆಯುತ್ತಿತ್ತು. ಯೂಫ್ರೋನಿಯೋಸ್ ಎಂಬ ಗ್ರೀಕ್ ಕುಶಲಕರ್ಮಿ ಚಿತ್ರ ಬರೆದ ಒಂದು ದೊಡ್ಡ ಮಣ್ಣಿನ ಪಾತ್ರೆಯಿದೆ. ಸತ್ತ ಯೋಧನನ್ನು ನಿದ್ರೆ ಮತ್ತು ಸಾವು ಎಂಬ ಇಬ್ಬರು ದೇವತೆಗಳು ಎತ್ತುತ್ತಿದ್ದಾರೆ, ಗಾಯದಿಂದ ರಕ್ತ ಸುರಿಯುತ್ತಿದೆ. ರೋಮ್ ಬಳಿಯ ಚೆರ್ವೆತೆರಿಯ ಗೋರಿಯಿಂದ ಕದ್ದ ಈ ಪಾತ್ರೆಯನ್ನು 1972ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ಹತ್ತು ಲಕ್ಷ ಡಾಲರ್‌ಗೆ ಕೊಂಡಿತ್ತು. 2008ರ ಜನವರಿಯಲ್ಲಿ ಅದು ರೋಮ್‌ಗೆ ಬಂತು. ಆ ಒಪ್ಪಂದ ರುತೆಲ್ಲಿಗಿಂತ ಮುಂಚೆಯೇ ಆಗಿತ್ತು, ಅದರ ಪೂರ್ತಿ ಶ್ರೇಯ ಅವರಿಗೆ ಸಲ್ಲದು. ಅಮೆರಿಕದ ಗೆಟ್ಟಿ ಮ್ಯೂಸಿಯಂ ಜೊತೆಗಿನ ಜಗಳ ಮಾತ್ರ ಅವರದ್ದೇ. ಕದ್ದ ವಸ್ತು ವಾಪಸ್ ಕೊಡದಿದ್ದರೆ ಇನ್ನು ನಿಮ್ಮ ಜೊತೆ ವ್ಯವಹಾರವೇ ಇಲ್ಲ ಎಂದು ಗಡುವು ಕೊಟ್ಟರು. 2007ರ ಆಗಸ್ಟ್‌ನಲ್ಲಿ ಗೆಟ್ಟಿ 40 ವಸ್ತು ಬಿಟ್ಟುಕೊಡಲು ಒಪ್ಪಿತು. ಅದರಲ್ಲಿದ್ದ ಪುರಾತನ ವಿಗ್ರಹ, ಆಳೆತ್ತರ ಮೀರಿದ ಮೊರ್ಗಾಂತಿನಾದ ದೇವಿ, ಈಗ ಸಿಸಿಲಿಯ ಐದೋನೆ ಎಂಬ ಪುಟ್ಟ ಊರಲ್ಲಿದ್ದಾಳೆ. ಇದನ್ನು ಓದಿದಾಗೆಲ್ಲ ನನಗೆ ಖುಷಿಯಾಗುತ್ತದೆ.

ಈಗ ಸಿನಿಮಾ. ಅವರ ಅವಧಿಯಲ್ಲೇ, 2007ರ ಡಿಸೆಂಬರ್‌ನಲ್ಲಿ, ಚಿತ್ರಗಳಿಗೆ ತೆರಿಗೆ ವಿನಾಯಿತಿಯ ಕಾನೂನು ಬಂತು. ನಿರ್ಮಾಪಕ ತನ್ನ ಖರ್ಚಿನ 15% ಮೊತ್ತವನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ ಮಾಡಿಕೊಳ್ಳಬಹುದಿತ್ತು. ಸಿನಿಮಾಕ್ಕೆ ಸಂಬಂಧವೇ ಇಲ್ಲದ ಕಂಪನಿ ದುಡ್ಡು ಹಾಕಿದರೆ ಆ ದುಡ್ಡಿನ 40%. ಮುಂದಿನ ತಿಂಗಳೇ ಸರ್ಕಾರ ಬಿತ್ತು, ಕಾನೂನು ಉಳಿಯಿತು. ಕ್ಯಾಮೆರಾ ಹಿಡಿಯಲು ಬರುವುದು ಬೇರೆ, ಚಿತ್ರಕ್ಕೆ ದುಡ್ಡು ಎಲ್ಲಿಂದ ಹುಟ್ಟುತ್ತದೆ ಎಂದು ತಿಳಿದಿರುವುದು ಬೇರೆ. ಉದ್ಯಮದವರಿಗೆ ಬೇಕಿದ್ದದ್ದು ಎರಡನೆಯದು.

ನಿಮ್ಮ ಅನುಮಾನದಲ್ಲಿ ಒಂದು ಮಾತು ನಾನೂ ಒಪ್ಪುತ್ತೇನೆ. ಸಚಿವರಾಗಿ ರಿಯಾಯಿತಿ ಕೊಟ್ಟವರು ಮುಂದೆ ಅದೇ ರಿಯಾಯಿತಿ ಪಡೆಯುವವರ ಪರ ಕೂತರೆ ಪ್ರಶ್ನೆ ಏಳುತ್ತದೆ. ಏಳಲೇಬೇಕು. ಇಲ್ಲಿ ನಡುವೆ ಎಂಟು ವರ್ಷ ಕಳೆದಿದ್ದವು. ನನಗೆ ಅಷ್ಟು ಅಂತರ ಸಾಕು ಅನಿಸುತ್ತದೆ. ಒಂದೇ ವರ್ಷದಲ್ಲಿ ಆಗಿದ್ದರೆ ನಾನೂ ನಿಮ್ಮ ಹಾಗೇ ಬರೆಯುತ್ತಿದ್ದೆ.

ಹಾಂ, ಸ್ವತಃ ಚಿತ್ರ ನಿರ್ದೇಶಿಸಿದ ರೋಮ್ ಮೇಯರ್ ಅಂತ ಪತ್ರದ ಕೊನೆಗೆ ನೀವು ನೆನೆದಿದ್ದು ಇವರನ್ನಲ್ಲ. ಇವರ ನಂತರ ಮೇಯರ್ ಆದ ವಾಲ್ಟರ್ ವೆಲ್ತ್ರೋನಿ ಅವರು.