ಎಚ್‌ಐವಿ ಕ್ಲಿನಿಕ್ಕಿನಲ್ಲಿ ಕನ್ನಡ ಬಲ್ಲ ನರ್ಸ್

ದಾವಣಗೆರೆಯಿಂದ ಬಂದು ಬ್ರಿಟನ್ನಿನ ನರ್ಸ್‌ಗಳ ಮಂಡಳಿಯಾದ ಎನ್‌ಎಂಸಿಯಲ್ಲಿ ನೋಂದಣಿ ಮುಗಿಸಿರುವ ನೀವು, ಲಂಡನ್ನಿನ ಎಚ್‌ಐವಿ ಕ್ಲಿನಿಕ್ಕೊಂದರಲ್ಲಿ ಸಿಕ್ಕಿರುವ ಕೆಲಸವನ್ನು ಒಪ್ಪಿಕೊಂಡರೆ ಸೋಂಕು ತಗಲುವ ಭಯವಿದೆಯೇ, ನಿಮ್ಮ ಕನ್ನಡ, ಹಿಂದಿಗಳಿಂದ ನಮ್ಮ ಕಡೆಯ ರೋಗಿಗಳಿಗೆ ಅನುಕೂಲವಾದೀತೇ ಎಂದು ಕೇಳಿದ್ದೀರಿ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಔಷಧಿಯನ್ನು ತಪ್ಪದೆ ತೆಗೆದುಕೊಂಡು, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿಯೂ ಸೋಂಕು ಹರಡುವುದಿಲ್ಲ. ಅಕಸ್ಮಾತ್ ಸೂಜಿ ಚುಚ್ಚಿಕೊಂಡರೂ 72 ಗಂಟೆಯೊಳಗೆ, ಸಾಧ್ಯವಾದಷ್ಟು ಬೇಗ ಶುರುಮಾಡಿ 28 ದಿನ ನುಂಗಬೇಕಾದ ಮಾತ್ರೆಗಳಿವೆ. 1987ರಲ್ಲಿ ಇಲ್ಲಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ರಾಜಕುಮಾರಿ ಡಯಾನಾ ಕೈಗವಸಿಲ್ಲದೆ ರೋಗಿಯ ಕೈ ಕುಲುಕಿದ್ದೇ ದೊಡ್ಡ ಸುದ್ದಿಯಾಗಿತ್ತು. ಈಗ ರಕ್ತ ತೆಗೆಯುವುದು, ಬಿಪಿ ನೋಡುವುದು, ಎರಡು ತಿಂಗಳಿಗೊಮ್ಮೆ ಕ್ಯಾಬೊಟೆಗ್ರಾವಿರ್ ಮತ್ತು ರಿಲ್ಪಿವಿರಿನ್ ಎಂಬ ಎಚ್‌ಐವಿ ಔಷಧಿಗಳ ಇಂಜೆಕ್ಷನ್ ಕೊಡುವುದರಲ್ಲಿಯೇ ದಿನ ಕಳೆಯುತ್ತದೆ.

ಎರಡನೆಯದಕ್ಕೆ ಉತ್ತರವನ್ನು ನಾನು ಪೆಟ್ಟು ತಿಂದು ಕಲಿತೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಟ್ಟಿಯಲ್ಲಿ ನಮ್ಮ ಕಡೆಯ ಹೆಸರೊಂದನ್ನು ಕಂಡು ಹಿಗ್ಗಿ, ಎಲ್ಲರೂ ಕುಳಿತಿದ್ದ ಹೊರಕೋಣೆಯಲ್ಲಿಯೇ "ಒಳಗೆ ಬನ್ನಿ" ಎಂದು ಕನ್ನಡದಲ್ಲಿ ಕರೆದೆ. ಆತ ನನ್ನ ಮುಖವನ್ನೊಮ್ಮೆ ನೋಡಿ, ಎದ್ದು ಹೊರಗೆ ಹೋದವರು ನಾಲ್ಕು ತಿಂಗಳು ಇತ್ತ ಸುಳಿಯಲಿಲ್ಲ. ಯುಗಾದಿಯ ಊಟದಲ್ಲಿ ಎದುರಾಗಬಹುದಾದ, ಊರಿನಲ್ಲಿರುವ ಅವರ ತಾಯಿಯ ಕಿವಿಗೂ ವಿಷಯ ಮುಟ್ಟಿಸಬಹುದಾದ ಹೆಂಗಸಾಗಿ ನಾನು ಅವರಿಗೆ ಕಂಡಿರಬೇಕು.

ಆದ್ದರಿಂದ ಮೊದಲ ಭೇಟಿಯಲ್ಲಿ ಬಾಗಿಲು ಮುಚ್ಚಿದ ಮೇಲೆ, ಇಂಗ್ಲಿಷಿನಲ್ಲಿಯೇ, ಬೇರೆ ನರ್ಸ್ ಬೇಕಿದ್ದರೆ ಸಂಕೋಚವಿಲ್ಲದೆ ಹೇಳಬಹುದು ಎಂದು ತಿಳಿಸಿ. ಹಾಗೆ ಕೇಳಿಕೊಂಡವರ ಮೇಲೆ ಮುನಿಸು ಬೇಡ. ಭಾಷೆ ತೊಡಕಾದರೆ, ರೋಗಿಯ ಹೆಸರು ಹೇಳದೆ ಫೋನಿನಲ್ಲಿ ಅನುವಾದಕರನ್ನು ಕರೆಯಬೇಕೇ ಹೊರತು, ಜೊತೆಗೆ ಬಂದ ಗಂಡನನ್ನೋ ಮಗಳನ್ನೋ ನಡುವೆ ಕೂರಿಸಬಾರದು. ನಾಲ್ಕು ಜನ ಒಂದೇ ಬಾಡಿಗೆ ಮನೆಯಲ್ಲಿರುವವರಿಗೆ ಆಸ್ಪತ್ರೆಯ ಮುದ್ರೆಯ ಲಕೋಟೆಯೂ ಅಪಾಯವೇ, ಪತ್ರವನ್ನು ಎಲ್ಲಿಗೆ ಕಳುಹಿಸಲಿ ಎಂದು ಕೇಳಿಯೇ ಬರೆದುಕೊಳ್ಳಿ. ಹೊಸದಾಗಿ ಬಂದವರ ಮನಸ್ಸಿನಲ್ಲಿ ಕಾಯಿಲೆಗಿಂತ ವೀಸಾದ ಚಿಂತೆಯೇ ಹೆಚ್ಚಿರುತ್ತದೆ. ಇಂಗ್ಲೆಂಡಿನಲ್ಲಿ 2012ರ ಅಕ್ಟೋಬರ್‌ನಿಂದ ಎಚ್‌ಐವಿ ಚಿಕಿತ್ಸೆ ಯಾವ ವೀಸಾದವರಿಗೂ ಉಚಿತವೆಂಬುದನ್ನು ಅವರು ಕೇಳುವ ಮೊದಲೇ ಹೇಳಿಬಿಡಿ. ದಾರಿಯಲ್ಲಿ ಸಿಕ್ಕರೆ ನೀವಾಗಿ ನಮಸ್ಕಾರ ಮಾಡಬೇಡಿ.

ಅಂದು ಎದ್ದು ಹೋದವರು ಮರಳಿ ಬಂದರು, ಆರೋಗ್ಯವಾಗಿದ್ದಾರೆ. ಈಗಲೂ ಬೇರೆ ನರ್ಸ್ ಬಳಿಯೇ ಹೋಗುತ್ತಾರೆ; ಅವರ ಸರದಿಯಿರುವ ದಿನ ನಾನು ಹೊರಕೋಣೆಯ ಕಡೆ ಹೋಗುವುದಿಲ್ಲ.