ಸಾಕುಪ್ರಾಣಿ ಪ್ರಶ್ನೋತ್ತರ: ತೋಟದ ಮನೆಯ ನಾಯಿಗೆ ಕಾಣದ ಬೇಲಿ

ಪ್ರಶ್ನೆ: ನಮ್ಮದು ಕಾಫಿ ತೋಟದ ನಡುವಿನ ಮನೆ. ಮನೆ, ಅಂಗಳ, ಕಾಫಿ ಕಣ, ಹಿತ್ತಿಲು ಎಲ್ಲ ಸೇರಿ ಸುಮಾರು ಒಂದು ಎಕರೆ ಜಾಗವಿದ್ದು, ಸುತ್ತ ಗೋಡೆಯಿಲ್ಲ. ಎರಡು ವರ್ಷದ ಒಂದು ಲ್ಯಾಬ್ರಡಾರ್ ಮತ್ತು ವಯಸ್ಸಿನಲ್ಲಿ ಅದಕ್ಕಿಂತ ಹಿರಿದಾದ ಒಂದು ನಾಟಿ ನಾಯಿ ಇವೆ. ಹಂದಿಯ ವಾಸನೆ ಬಂದರೆ ಎರಡೂ ತೋಟದೊಳಗೆ ನುಗ್ಗಿ ಗಂಟೆಗಟ್ಟಲೆ ಹಿಂತಿರುಗುವುದಿಲ್ಲ. ಇಲ್ಲವಾದರೆ ಗೇಟಿನಾಚೆಯ ರಸ್ತೆಯಲ್ಲಿ ಬೈಕುಗಳನ್ನು ಅಟ್ಟಿಸಿಕೊಂಡು ಹೋಗುತ್ತವೆ. ದಿನವಿಡೀ ಕಟ್ಟಿಹಾಕಲು ಮನಸ್ಸಾಗುವುದಿಲ್ಲ. ಬೆಂಗಳೂರಿನಲ್ಲಿರುವ ಮಗ, ನೆಲದಲ್ಲಿ ಹುಗಿಯುವ ವೈರು ಮತ್ತು ಎರಡು ಕಾಲರ್‌ಗಳಿರುವ ‘ಅದೃಶ್ಯ ಬೇಲಿ’ಯನ್ನು ತರಿಸಿಕೊಟ್ಟಿದ್ದಾನೆ. ಕರೆಂಟಿನ ಬೇಲಿ ನಾಯಿಗೆ ಅಪಾಯವಲ್ಲವೇ? ಅಳವಡಿಸುವುದಾದರೆ ನಾಯಿಗಳಿಗೆ ಹೇಗೆ ಕಲಿಸಬೇಕು?
— ಓದುಗರೊಬ್ಬರು, ವಿರಾಜಪೇಟೆ ತಾಲ್ಲೂಕು

ಉತ್ತರ: ಕೊಡಗಿನಲ್ಲಿ ಕರೆಂಟಿನ ಬೇಲಿ ಎಂದೊಡನೆ ಎಲ್ಲರಿಗೂ ನೆನಪಾಗುವುದು ಆನೆಯನ್ನು ತಡೆಯಲು ಹಾಕುವ ಸೋಲಾರ್ ಬೇಲಿ. ಅಲ್ಲಿ ತಂತಿಯಲ್ಲಿಯೇ ಹೆಚ್ಚು ವೋಲ್ಟೇಜಿನ ವಿದ್ಯುತ್ತು ಬಿಟ್ಟು ಬಿಟ್ಟು ಹರಿಯುತ್ತದೆ ಮತ್ತು ತಂತಿಯನ್ನು ಮುಟ್ಟಿದ ಪ್ರಾಣಿಗೆ ಹೊಡೆಯುತ್ತದೆ. ನಿಮ್ಮ ಮಗ ತರಿಸಿಕೊಟ್ಟಿರುವುದರ ಬಗೆ ಬೇರೆ. ಮನೆಯೊಳಗೆ ಇಡುವ ಪುಟ್ಟ ಟ್ರಾನ್ಸ್‌ಮಿಟರ್, ನೆಲದಲ್ಲಿ ಹುಗಿದ ವೈರಿನ ಮೂಲಕ ಕ್ಷೀಣವಾದ ರೇಡಿಯೊ ಸಂಕೇತವನ್ನು ಮಾತ್ರ ಕಳುಹಿಸುತ್ತದೆ. ಆ ವೈರನ್ನು ಕೈಯಲ್ಲಿ ಹಿಡಿದರೂ ಏನೂ ಆಗುವುದಿಲ್ಲ. ನಾಯಿ ವೈರಿನ ಹತ್ತಿರ ಬಂದಾಗ ಕೊರಳಿನಲ್ಲಿರುವ ಕಾಲರ್ ಆ ಸಂಕೇತವನ್ನು ಗ್ರಹಿಸಿ ಮೊದಲು ಬೀಪ್ ಎನ್ನುತ್ತದೆ, ಇನ್ನೂ ಮುಂದೆ ಹೋದರೆ ಕತ್ತಿನ ಚರ್ಮಕ್ಕೆ ತಾಗಿರುವ ಎರಡು ಲೋಹದ ಮೊಳೆಗಳ ನಡುವೆ ಕ್ಷಣಕಾಲ ಚುಚ್ಚುವಂಥ ಶಾಕ್ ಕೊಡುತ್ತದೆ. ಇದರಿಂದ ನಾಯಿಯ ಜೀವಕ್ಕೆ ಅಪಾಯವಿಲ್ಲ. ಆದರೆ ಅದು ನೋವೇ ಹೊರತು ಮಾರಾಟಗಾರರು ಹೇಳುವಂತೆ ಬರಿಯ ಕಚಗುಳಿಯಲ್ಲ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಅಮೆರಿಕದಲ್ಲಿ 1970ರ ದಶಕದ ಆರಂಭದಲ್ಲಿ ರಿಚರ್ಡ್ ಪೆಕ್ ಎಂಬವರು ಇದನ್ನು ರೂಪಿಸಿದ್ದು ನಾಯಿಗಳು ರಸ್ತೆಗೆ ಓಡಿ ವಾಹನಗಳಿಗೆ ಸಿಕ್ಕಿ ಸಾಯುವುದನ್ನು ತಪ್ಪಿಸಲು. ಅಲ್ಲಿನ ಅಂಗಳಗಳ ಸುತ್ತ ಚಿರತೆ, ಆನೆಗಳ ಓಡಾಟವಿರಲಿಲ್ಲ ಎಂಬುದನ್ನು ನೀವು ಮರೆಯುವಂತಿಲ್ಲ. ಇನ್ನೊಂದು ಮಾತು: ಮನೆಯ 230 ವೋಲ್ಟ್ ಲೈನನ್ನು ಯಾವುದೇ ಬೇಲಿಯ ತಂತಿಗೆ ನೇರವಾಗಿ ಕೊಡುವ ಆಲೋಚನೆಯನ್ನು ತಮಾಷೆಗೂ ಮಾಡಬೇಡಿ. ಅದು ಅಪರಾಧ, ಮತ್ತು ಅದರಿಂದ ಆನೆಗಳೂ ಮನುಷ್ಯರೂ ಸತ್ತಿದ್ದಾರೆ.

ವೈರು ಎಳೆಯುವ ಕೆಲಸವನ್ನು ಮಳೆ ಹಿಂದೆ ಸರಿದು, ನೆಲ ಇನ್ನೂ ಮೆತ್ತಗಿರುವಾಗ, ಅಂದರೆ ಕಾಫಿ ಕೊಯ್ಲು ಶುರುವಾಗುವ ಮೊದಲು ಇಟ್ಟುಕೊಳ್ಳುವುದು ಮೇಲು. ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಜನರ ಓಡಾಟ ಹೆಚ್ಚಿರುವುದರಿಂದ ನಾಯಿಯ ಮನಸ್ಸು ಪಾಠದಲ್ಲಿ ನಿಲ್ಲುವುದಿಲ್ಲ. ವೈರು ಟ್ರಾನ್ಸ್‌ಮಿಟರಿನಿಂದ ಹೊರಟು ಮನೆಯನ್ನು ಸುತ್ತಿ ಮತ್ತೆ ಅಲ್ಲಿಗೇ ಬಂದು ಸೇರಬೇಕು. ಎಲ್ಲಿ ತುಂಡಾದರೂ ಇಡೀ ಬೇಲಿ ಸತ್ತಂತೆ. ಎರಡು ಎಳೆಗಳನ್ನು ಒಂದಕ್ಕೊಂದು ಹೊಸೆದ ಕಡೆ ಸಂಕೇತ ರದ್ದಾಗುವುದರಿಂದ, ಮನೆಯಿಂದ ಸುತ್ತಿನವರೆಗಿನ ಭಾಗವನ್ನು ಹಾಗೆ ಹೊಸೆದು ಒಯ್ದರೆ ನಾಯಿ ಅದರ ಮೇಲೆ ನಿರ್ಭಯವಾಗಿ ಓಡಾಡಬಹುದು. ಮೂಲೆಗಳಲ್ಲಿ ವೈರನ್ನು ಚೂಪಾಗಿ ಮಡಿಸದೆ ಬಾಗಿಸಿ ತಿರುಗಿಸಿ. ವಿದ್ಯುತ್ ಲೈನಿಗೆ ಅಥವಾ ಸೋಲಾರ್ ಬೇಲಿಗೆ ಸಮಾನಾಂತರವಾಗಿ, ಹತ್ತಿರದಲ್ಲಿ ಎಳೆಯಬೇಡಿ. ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಿ. ಎರಡು ಮೂರು ಅಂಗುಲ ಆಳ ಸಾಕಾದರೂ, ಅಗತೆಯ ಗುದ್ದಲಿ ಬೀಳುವ ಕಡೆ, ಹೆಗ್ಗಣಗಳ ಕಾಟವಿರುವ ಕಡೆ ಮತ್ತು ಜೀಪು ಓಡಾಡುವ ದಾರಿಯಲ್ಲಿ ವೈರನ್ನು ಪಿವಿಸಿ ಪೈಪಿನೊಳಗೆ ಹಾಕಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ನೆಲದಲ್ಲಿ ಉದ್ದಕ್ಕೆ ಮಲಗಿರುವ ವೈರು ಸುಲಭದ ದಾರಿಯಾಗುತ್ತದೆ. ಮೋಡ ಕಪ್ಪಾದಾಗ ನಾಯಿಯನ್ನು ಒಳಗೆ ಕರೆದುಕೊಂಡು, ಟ್ರಾನ್ಸ್‌ಮಿಟರಿನ ಪ್ಲಗ್ಗನ್ನೂ ಸುತ್ತಿನ ವೈರನ್ನೂ ಬಿಡಿಸಿಡುವುದು ಕ್ಷೇಮ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ನಿಮ್ಮ ಕಡೆಯಲ್ಲಿ ಇದನ್ನು ಇನ್ವರ್ಟರಿಗೆ ಜೋಡಿಸದಿದ್ದರೆ ಬೇಲಿಯಿದೆ ಎಂಬ ಭ್ರಮೆ ಮಾತ್ರ ಉಳಿಯುತ್ತದೆ.

ಇನ್ನು ಕಲಿಸುವ ವಿಚಾರ. ವೈರು ಹುಗಿದು, ಕಾಲರ್ ಕಟ್ಟಿ, ಶಾಕ್ ಹೊಡೆದಾಗ ನಾಯಿ ತಾನಾಗಿಯೇ ಬುದ್ಧಿ ಕಲಿಯುತ್ತದೆ ಎಂದುಕೊಳ್ಳುವವರೇ ಹೆಚ್ಚು. ಕಾಣದ ಗೆರೆಯೊಂದು ಎಲ್ಲಿದೆ ಎಂದು ತಿಳಿಯದ ನಾಯಿಗೆ ನೋವು ಎಲ್ಲಿಂದ ಬಂತು ಎಂಬುದು ಗೊತ್ತಾಗುವುದಿಲ್ಲ; ಅದು ಗಾಬರಿಯಿಂದ ಮುಂದಕ್ಕೇ ಓಡಬಹುದು, ಇಲ್ಲವೇ ಅಂಗಳಕ್ಕೆ ಇಳಿಯಲೇ ಹೆದರಿ ಜಗಲಿಯಲ್ಲಿ ಮುದುರಿ ಕೂರಬಹುದು. ನಾಯಿಯನ್ನು ನಿಲ್ಲಿಸಬೇಕಾದುದು ಬೀಪ್ ಸದ್ದು. ಆ ಸದ್ದು ಕೇಳಿದರೆ ಹಿಂದಕ್ಕೆ ತಿರುಗಬೇಕು ಎಂಬುದನ್ನು ನೀವು ಕಲಿಸಿಕೊಟ್ಟಿದ್ದರೆ ಶಾಕಿನ ಅಗತ್ಯವೇ ಅಪರೂಪವಾಗುತ್ತದೆ.

ಮೊದಲಿಗೆ ವೈರಿನ ಒಳಬದಿಯಲ್ಲಿ, ಕಾಲರ್ ಬೀಪ್ ಎನ್ನಲು ತೊಡಗುವ ಜಾಗವನ್ನು ಕಾಲರನ್ನು ಕೈಯಲ್ಲಿ ಹಿಡಿದು ನಡೆಯುತ್ತಾ ಗುರುತಿಸಿ, ಅಲ್ಲಲ್ಲಿ ಪುಟ್ಟ ಬಿಳಿ ಬಾವುಟಗಳನ್ನು ನೆಡಿ. ಬೀಪ್ ಮತ್ತು ಶಾಕಿನ ನಡುವೆ ನಾಯಿಗೆ ಯೋಚಿಸಿ ತಿರುಗಲು ಸಾಕಷ್ಟು ಅಂತರ ಸಿಗುವಂತೆ ಟ್ರಾನ್ಸ್‌ಮಿಟರಿನ ತಿರುಗುಣಿಯನ್ನು ಹೊಂದಿಸಿ. ಓಡಿ ಬರುವ ಲ್ಯಾಬ್ರಡಾರ್‌ಗೆ ಕಿರಿದಾದ ಪಟ್ಟಿ ಸಾಲುವುದಿಲ್ಲ. ಮೊದಲ ವಾರ ಶಾಕನ್ನು ಪೂರ್ತಿ ಆರಿಸಿ, ಬೀಪ್ ಮಾತ್ರ ಇರಲಿ. ನಾಯಿಗೆ ಉದ್ದನೆಯ ಹಗ್ಗ ಕಟ್ಟಿ, ಬಾವುಟದ ಕಡೆಗೆ ಜತೆಯಲ್ಲಿ ನಡೆಯಿರಿ. ಬೀಪ್ ಬಂದ ಕೂಡಲೆ ಹೆಸರು ಹಿಡಿದು ಕರೆದು, ನೀವೇ ಹಿಂದಕ್ಕೆ ಓಡಿ, ಹಗ್ಗವನ್ನು ಮೆಲ್ಲಗೆ ಎಳೆದು ನಾಯಿಯನ್ನು ತಿರುಗಿಸಿ. ನಾಲ್ಕು ಹೆಜ್ಜೆ ಒಳಗೆ ಬಂದ ಮೇಲೆ ಬೇಯಿಸಿದ ಕೋಳಿಯ ಚೂರನ್ನೋ ಅದಕ್ಕೆ ಇಷ್ಟವಾದ ಇನ್ನೇನನ್ನೋ ಕೊಟ್ಟು ಹೊಗಳಿ. ಹತ್ತು ಹದಿನೈದು ನಿಮಿಷದ ಪಾಠ, ದಿನಕ್ಕೆ ಎರಡು ಸಲ, ಪ್ರತಿ ಸಲವೂ ಅಂಗಳದ ಬೇರೆ ಬೇರೆ ಬದಿಯಲ್ಲಿ ನಡೆಯಬೇಕು. ಗೇಟಿನ ಬಳಿ ಮಾತ್ರ ಕಲಿತ ನಾಯಿಗೆ ಹಿತ್ತಿಲಿನ ಗೆರೆ ತಿಳಿಯುವುದಿಲ್ಲ. ಎರಡು ನಾಯಿಗಳಿಗೂ ಒಟ್ಟಿಗೆ ಪಾಠ ಬೇಡ. ಒಂದನ್ನು ಒಳಗೆ ಕೂಡಿಹಾಕಿ ಇನ್ನೊಂದಕ್ಕೆ ಕಲಿಸಿ, ಇಬ್ಬರಿಗೂ ಪಾಠ ಬಂದ ಮೇಲಷ್ಟೇ ಜೊತೆಯಾಗಿ ಬಿಟ್ಟು ನೋಡಿ. ಒಂದು ಓಡಿದರೆ ಇನ್ನೊಂದು ಕಲಿತದ್ದನ್ನೆಲ್ಲ ಮರೆತು ಹಿಂದೆ ಓಡುವುದು ನಾಯಿಗಳ ಸ್ವಭಾವ.

ಬೀಪ್ ಕೇಳಿದೊಡನೆ ನೀವು ಕರೆಯದಿದ್ದರೂ ತಾನಾಗಿ ತಿರುಗುವ ಮಟ್ಟಕ್ಕೆ ನಾಯಿ ಬಂದರೆ ಅರ್ಧ ಕೆಲಸ ಮುಗಿಯಿತು. ಆಗ ಶಾಕನ್ನು ಅತ್ಯಂತ ಕೆಳಗಿನ ಹಂತದಲ್ಲಿಡಿ. ನಾಯಿ ಕಿವಿ ನಿಮಿರಿಸಿ, ತಲೆ ಕೊಡವಿ ಗಮನ ಕೊಟ್ಟರೆ ಅಷ್ಟೇ ಸಾಕು. ಕೂಗಿಕೊಂಡರೆ ಹೆಚ್ಚಾಯಿತೆಂದು ತಿಳಿದು ತಗ್ಗಿಸಿ. ಈ ಹಂತದಲ್ಲೂ ಹಗ್ಗ ನಿಮ್ಮ ಕೈಯಲ್ಲೇ ಇರಬೇಕು ಮತ್ತು ಗೆರೆಯಾಚೆಗೆ ನಾಯಿಯನ್ನು ನೀವು ಎಂದೂ ಕರೆಯಬಾರದು. ಮೂರನೆಯ ವಾರ ಆಸೆ ಹುಟ್ಟಿಸುವ ಪರೀಕ್ಷೆಗಳು: ಮನೆಯವರೊಬ್ಬರು ಗೆರೆಯ ಹೊರಗೆ ನಡೆದುಹೋಗಲಿ, ಚೆಂಡು ಆಚೆ ಉರುಳಲಿ, ಪರಿಚಯದವರು ರಸ್ತೆಯಲ್ಲಿ ನಿಧಾನವಾಗಿ ಬೈಕು ಓಡಿಸಲಿ. ಇವಕ್ಕೆಲ್ಲ ನಾಯಿ ಗೆರೆಯೊಳಗೆ ನಿಂತರೆ ಹಗ್ಗವನ್ನು ನೆಲಕ್ಕೆ ಬಿಟ್ಟು, ಆಮೇಲೆ ತೆಗೆದು, ನಿಮ್ಮ ಕಣ್ಣೆದುರಿನಲ್ಲಿ ಆಡಲು ಬಿಡಿ. ಬಾವುಟಗಳನ್ನು ಒಂದು ಬಿಟ್ಟು ಒಂದರಂತೆ, ವಾರಗಳ ಅಂತರದಲ್ಲಿ ಕೀಳಿ. ನಾಯಿಯನ್ನು ರಸ್ತೆಗೆ ವಾಕಿಂಗ್ ಕರೆದೊಯ್ಯುವಾಗ ಕಾಲರ್ ಬಿಚ್ಚಿಟ್ಟು, ಜೀಪಿನಲ್ಲಿ ಕೂರಿಸಿಕೊಂಡು ಅಥವಾ ಯಾವಾಗಲೂ ಒಂದೇ ಜಾಗದಲ್ಲಿ, ನಿಮ್ಮ ಅಪ್ಪಣೆಯ ಮೇಲೆ ದಾಟಿಸಿ; ಇಲ್ಲದಿದ್ದರೆ ಗೆರೆಗೆ ಅರ್ಥವಿರುವುದಿಲ್ಲ. ಮೂರು ವಾರ ಬಿಡುವು ಮಾಡಿಕೊಳ್ಳಲು ನಿಮಗೆ ಸಾಧ್ಯವಿಲ್ಲವೆಂದಾದರೆ ಪೆಟ್ಟಿಗೆಯನ್ನು ಬಿಚ್ಚದೆ ಮಗನಿಗೆ ವಾಪಸು ಕೊಡುವುದೇ ನಾಯಿಗೆ ಮಾಡುವ ಉಪಕಾರ. ಆರು ತಿಂಗಳಿಗಿಂತ ಚಿಕ್ಕ ಮರಿಗಳಿಗೂ, ಸಹಜವಾಗಿಯೇ ಅಂಜುಬುರುಕವಾದ ನಾಯಿಗಳಿಗೂ ಇದನ್ನು ನಾನು ಸೂಚಿಸುವುದಿಲ್ಲ.

ಕಾಲರಿನ ವಿಚಾರದಲ್ಲಿ ಕೊಡಗಿನ ಮಳೆಯನ್ನು ಪ್ರತ್ಯೇಕವಾಗಿ ಗಮನಿಸಬೇಕು. ಲೋಹದ ಮೊಳೆಗಳು ಚರ್ಮಕ್ಕೆ ತಾಗುವಷ್ಟು ಬಿಗಿಯಾಗಿಯೂ, ಒಂದು ಬೆರಳು ತೂರುವಷ್ಟು ಸಡಿಲವಾಗಿಯೂ ಪಟ್ಟಿ ಇರಬೇಕು. ಲ್ಯಾಬ್ರಡಾರಿನ ದಟ್ಟ ಕೂದಲಿಗೆ ಉದ್ದನೆಯ ಮೊಳೆ ಬೇಕಾಗುತ್ತದೆ. ಒಂದೇ ಜಾಗದಲ್ಲಿ ಬಹಳ ಹೊತ್ತು ಒತ್ತಿದ ಮೊಳೆ ಚರ್ಮವನ್ನು ಕೊಳೆಸಿ ಹುಣ್ಣು ಮಾಡುತ್ತದೆ, ಅದನ್ನು ಎಷ್ಟೋ ಮಂದಿ ಶಾಕಿನ ಸುಟ್ಟಗಾಯವೆಂದು ತಪ್ಪಾಗಿ ತಿಳಿಯುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೂದಲು ಒಣಗುವುದೇ ಇಲ್ಲವಾದ್ದರಿಂದ ಈ ತೊಂದರೆ ಹೆಚ್ಚು. ದಿನಕ್ಕೆ ಎಂಟು ಗಂಟೆ ಮೀರದಂತೆ ಕಟ್ಟಿ, ಸಂಜೆ ಬಿಚ್ಚಿ, ಕತ್ತನ್ನು ಒರೆಸಿ, ಉಣ್ಣಿಗಳಿಗಾಗಿ ಬೆರಳಾಡಿಸಿ ನೋಡಿ. ಪಟ್ಟಿಯ ಅಡಿಯೇ ಉಣ್ಣಿಗಳಿಗೆ ಮೆಚ್ಚಿನ ಜಾಗ.

ಕೊನೆಗೆ, ಈ ಬೇಲಿಯಿಂದ ಏನು ಆಗುವುದಿಲ್ಲ ಎಂಬುದು. ಇದು ನಿಮ್ಮ ನಾಯಿಯನ್ನು ಒಳಗಿಡಬಲ್ಲದು, ಬೇರೆ ಯಾವುದನ್ನೂ ಹೊರಗಿಡಲಾರದು. ಚಿರತೆಗೆ, ಹಂದಿಗೆ, ಬೀದಿನಾಯಿಗೆ, ಹುಚ್ಚು ಹಿಡಿದ ನರಿಗೆ ಈ ಗೆರೆ ಇಲ್ಲ. ಚಿರತೆಗೆ ನಾಯಿ ಸುಲಭದ ಬೇಟೆ ಎಂಬುದು ನಿಮಗೆ ನಾನು ಹೇಳಬೇಕಾದ ವಿಷಯವಲ್ಲ. ಆದ್ದರಿಂದ ಕತ್ತಲಾಗುವ ಮೊದಲೇ ನಾಯಿಗಳು ಮನೆಯೊಳಗೋ, ಮೇಲೂ ಮುಚ್ಚಿದ ಗಟ್ಟಿ ಗೂಡಿನಲ್ಲೋ ಇರಬೇಕು. ಕಾಣದ ಬೇಲಿ ಹಗಲಿಗೆ ಮಾತ್ರ. ಹಂದಿಯ ಹಿಂದೆ ಓಡುವ ನಾಯಿ ಯಾರೋ ಕದ್ದು ಹಾಕಿದ ಉರುಳಿಗೆ ಸಿಕ್ಕಿ ನರಳುವುದನ್ನು ತಪ್ಪಿಸುವುದಕ್ಕಾದರೂ ಹಗಲಿನ ಈ ಗೆರೆ ಪ್ರಯೋಜನಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ರೊಚ್ಚಿಗೆದ್ದ ಅಥವಾ ಹೆದರಿದ ನಾಯಿ ಶಾಕನ್ನು ಲೆಕ್ಕಿಸದೆ ದಾಟಿಬಿಡುತ್ತದೆ, ಹೆದರಿಕೆ ಇಳಿದ ಮೇಲೆ ಅದೇ ಶಾಕಿಗೆ ಅಂಜಿ ಹಿಂತಿರುಗಲಾರದೆ ಹೊರಗೇ ಉಳಿಯುತ್ತದೆ. ಪುತ್ತರಿಯ ರಾತ್ರಿ ಕೋವಿಯ ಗುಂಡು ಹಾರುವಾಗ, ದೀಪಾವಳಿಯ ಪಟಾಕಿಯ ಹೊತ್ತಿನಲ್ಲಿ ನಾಯಿಯನ್ನು ಈ ಬೇಲಿಯ ಭರವಸೆಯ ಮೇಲೆ ಹೊರಗೆ ಬಿಡಬೇಡಿ.

ಪ್ರಶ್ನೆ: ವೈರು ಹುಗಿಯುವ ಗೋಜೇ ಬೇಡವೆಂದು ಜಿಪಿಎಸ್ ಕಾಲರ್ ಕೊಳ್ಳುವ ಯೋಚನೆಯಲ್ಲಿದ್ದೇವೆ. ಮೊಬೈಲಿನಲ್ಲಿ ಗೆರೆ ಎಳೆದರೆ ಸಾಕು ಎನ್ನುತ್ತಾರೆ. ತೋಟಕ್ಕೆ ಅದು ಸರಿಯೇ?
— ಓದುಗರೊಬ್ಬರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಬಯಲುಸೀಮೆಯ ಹೊಲದಲ್ಲಿ ಸರಿ, ನೆರಳು ಮರಗಳ ಅಡಿಯ ಕಾಫಿ ತೋಟದಲ್ಲಿ ಸರಿಯಲ್ಲ. ಜಿಪಿಎಸ್ ಕೆಲಸ ಮಾಡುವುದು ಆಕಾಶದ ಉಪಗ್ರಹಗಳ ಸಂಕೇತದಿಂದ. ತೆರೆದ ಜಾಗದಲ್ಲಿಯೇ ಅದು ಕೆಲವು ಮೀಟರುಗಳಷ್ಟು ಆಚೀಚೆ ತೋರಿಸುತ್ತದೆ, ಸಿಲ್ವರ್ ಓಕ್ ಮತ್ತು ಕಾಡುಮರಗಳ ದಟ್ಟ ಹಂದರದ ಕೆಳಗೆ, ಇಳಿಜಾರಿನ ಮಗ್ಗುಲಲ್ಲಿ ಆ ತಪ್ಪು ಇನ್ನೂ ಹೆಚ್ಚುತ್ತದೆ. ಇಂದು ಗೇಟಿನ ಬಳಿ ಇದ್ದ ಗೆರೆ ನಾಳೆ ಮನೆಯ ಮೆಟ್ಟಿಲಿಗೆ ಬಂದರೆ ನಾಯಿ ಏನನ್ನು ತಾನೇ ಕಲಿಯಬೇಕು? ಗೆರೆ ಒಂದೇ ಕಡೆ ನಿಲ್ಲದಿದ್ದರೆ ತರಬೇತಿಯೇ ಸಾಧ್ಯವಿಲ್ಲ. ನಾಯಿ ತಪ್ಪಿಸಿಕೊಂಡಾಗ ಎಲ್ಲಿದೆಯೆಂದು ಹುಡುಕಲು, ಮೊಬೈಲ್ ಸಿಗ್ನಲ್ ಇರುವ ಕಡೆಗಳಲ್ಲಿ, ಅದು ಉಪಯೋಗಕ್ಕೆ ಬರುತ್ತದೆ. ಶಾಕಿನ ಭಾಗವನ್ನು ಆರಿಸಿ ಅಷ್ಟಕ್ಕೇ ಬಳಸಿ.

ಪ್ರಶ್ನೆ: ನಮ್ಮ ಜರ್ಮನ್ ಶೆಫರ್ಡ್‌ಗೆ ವೈರಿನ ಬೇಲಿ ಹಾಕಿ ಕೆಲವು ತಿಂಗಳಾಯಿತು. ಗೆರೆ ದಾಟುವುದಿಲ್ಲ. ಆದರೆ ಮೊದಲು ಸುಮ್ಮನಿರುತ್ತಿದ್ದ ನಾಯಿ ಈಗ ಲೈನ್ ಮನೆಗಳಿಂದ ಕೆಲಸಕ್ಕೆ ಹೋಗಿಬರುವವರನ್ನು ಕಂಡರೆ ಗೆರೆಯುದ್ದಕ್ಕೂ ಓಡಿ ಬೊಗಳುತ್ತದೆ. ಬೇಲಿಗೂ ಇದಕ್ಕೂ ಸಂಬಂಧವಿದೆಯೇ?
— ಓದುಗರೊಬ್ಬರು, ಕುಶಾಲನಗರ ತಾಲ್ಲೂಕು

ಉತ್ತರ: ಇರುವ ಸಂಭವ ಹೆಚ್ಚು. ದಾರಿಯಲ್ಲಿ ಹೋಗುವವರನ್ನು ಮೂಸಲು ಕುತೂಹಲದಿಂದ ಓಡಿದಾಗೆಲ್ಲ ಕತ್ತಿಗೆ ನೋವಾದರೆ, ನಾಯಿ ಆ ನೋವನ್ನು ನೆಲದ ವೈರಿಗೆ ಅಂಟಿಸುವುದಿಲ್ಲ, ಎದುರಿಗೆ ಕಾಣುವ ಮನುಷ್ಯನಿಗೆ ಅಂಟಿಸುತ್ತದೆ. ಇಂಥ ಬೇಲಿಯೊಳಗಿದ್ದ ನಾಯಿಗಳು ಜನರ ಮೇಲೆ ಎರಗಿದ ಐದು ಪ್ರಕರಣಗಳ ವಿವರ ಅಮೆರಿಕದಲ್ಲಿ 2000ದಲ್ಲಿಯೇ ಪ್ರಕಟವಾಗಿದೆ. ಅಲ್ಲಿನ ಓಹಾಯೋ ರಾಜ್ಯದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಎಲೆಕ್ಟ್ರಾನಿಕ್ ಬೇಲಿಯ ನಾಯಿಗಳಲ್ಲಿ ಶೇ. 44ರಷ್ಟು ತಪ್ಪಿಸಿಕೊಂಡಿದ್ದರೆ, ಆಚೆ ಕಾಣದಂತೆ ಮುಚ್ಚಿದ ಬೇಲಿಯ ನಾಯಿಗಳಲ್ಲಿ ಆ ಪ್ರಮಾಣ ಶೇ. 23ರಷ್ಟಿತ್ತು. ಬ್ರಿಟನ್ನಿನ ವೇಲ್ಸ್ 2010ರಲ್ಲಿಯೇ ನಾಯಿ ಮತ್ತು ಬೆಕ್ಕುಗಳಿಗೆ ಶಾಕ್ ಕಾಲರ್ ಬಳಸುವುದನ್ನು ನಿಷೇಧಿಸಿದೆ.

ನೀವು ಈಗಲೇ ಶಾಕನ್ನು ಆರಿಸಿ, ಬೀಪ್ ಮಾತ್ರ ಉಳಿಸಿ. ಜನ ನಡೆಯುವ ದಾರಿಯ ಬದಿಯಲ್ಲಿ ವೈರನ್ನು ಸಾಕಷ್ಟು ಒಳಕ್ಕೆ ಸರಿಸಿ, ನಾಯಿಗೂ ದಾರಿಗೂ ನಡುವೆ ಅಂತರ ಬರುವಂತೆ ಮಾಡಿ. ಆ ಒಂದು ಬದಿಗೆ ದಾಸವಾಳದ ದಟ್ಟ ಜೀವಬೇಲಿಯನ್ನೋ ಚೈನ್‌ಲಿಂಕ್ ಜಾಲರಿಯ ಮೇಲೆ ಹಸಿರು ನೆಟ್ಟನ್ನೋ ಹಾಕಿ ಕಣ್ಣಿಗೆ ಮರೆ ಮಾಡಿದರೆ ಇನ್ನೂ ಒಳ್ಳೆಯದು. ಕೆಲಸದವರು ಬರುವ, ಹೋಗುವ ಎರಡು ಹೊತ್ತು ನಾಯಿಯನ್ನು ಒಳಗಿಡಿ. ಆಮೇಲೆ, ಪರಿಚಯದವರೊಬ್ಬರು ದೂರದಲ್ಲಿ ಕಾಣಿಸಿಕೊಂಡಾಗಲೆಲ್ಲ ಹಗ್ಗದಲ್ಲಿರುವ ನಾಯಿಗೆ ತಿನಿಸು ಕೊಡುತ್ತಾ, ದಿನಗಳು ಕಳೆದಂತೆ ಅಂತರವನ್ನು ಕಡಿಮೆ ಮಾಡುತ್ತಾ, ಜನರನ್ನು ಕಂಡರೆ ಒಳ್ಳೆಯದಾಗುತ್ತದೆ ಎಂಬ ಭಾವನೆಯನ್ನು ಮತ್ತೆ ಮೂಡಿಸಿ. ತಿಂಗಳಲ್ಲಿ ಬದಲಾವಣೆ ಕಾಣದಿದ್ದರೆ ವೈರಿನ ಬೇಲಿಯನ್ನೇ ಕೈಬಿಡಿ. ನಾಯಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದ ಮಾಲೀಕನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಶಿಕ್ಷೆಯಿದೆ. ರೇಬೀಸ್ ಲಸಿಕೆಯನ್ನು ವರ್ಷ ತಪ್ಪದೆ ಹಾಕಿಸಿ, ಚೀಟಿಯನ್ನು ಜೋಪಾನವಾಗಿಟ್ಟುಕೊಳ್ಳಿ. ನಾಯಿ ಯಾರನ್ನಾದರೂ ಕಚ್ಚಿದರೆ, ಲಸಿಕೆ ಹಾಕಿಸಿದ ನಾಯಿಯೇ ಆಗಿದ್ದರೂ, ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆಸಿ ಆ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.